ಎಂಜಿನ್ನಿನೊಳಗಿನ ರೇಷ್ಮೆ ಎಳೆ

"ಇನ್ನೊಂದೇ ಏಟು," ಎಂದರು ವೆಂಕಟಾಚಲ.

ಮರದ ಸುತ್ತಿಗೆ ಬಿತ್ತು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿದ್ದ ಎಂಜಿನ್ 'ಟಪ್' ಎಂದು ಬಾಯಿ ಬಿಟ್ಟಿತು. ಕಡಲೆಕಾಯಿ ಸಿಪ್ಪೆ ಎರಡು ಹೋಳಾಗುವಂತೆ ಅದರ ಹೊಟ್ಟೆ, ಅಂದರೆ ಕ್ರ್ಯಾಂಕ್‌ಕೇಸ್, ಉದ್ದಕ್ಕೆ ಬಿರಿಯಿತು. ವೆಂಕಟಾಚಲ ಮೇಲಿನ ಹೋಳನ್ನು ಎರಡೂ ಕೈಯಲ್ಲಿ ಎತ್ತಿ ಬೆಂಚಿನ ಮೇಲೆ ಮಲಗಿಸಿದರು.

ಬಗ್ಗಿ ನೋಡಿದೆ.

ನೀಲಿ. ಎಲ್ಲೆಲ್ಲೂ ನೀಲಿ ಸಿಲಿಕೋನ್. ಎರಡು ಹೋಳು ಕೂಡುವ ಅಂಚಿನುದ್ದಕ್ಕೂ ಅದು ಒತ್ತಿಕೊಂಡು ಒಳಗೆ ಇಳಿದಿತ್ತು. ಎಣ್ಣೆ ಹರಿಯುವ ಮುಖ್ಯ ತೂತಿನ ಬಾಯಲ್ಲಿ ಹೆಬ್ಬೆರಳ ತುದಿಯಷ್ಟು ದಪ್ಪದ ಉಂಡೆಯೊಂದು ಬಿರಡೆ ಹಾಕಿದ ಹಾಗೆ ಕೂತಿತ್ತು.

"ಆಯ್ತಲ್ಲ ಮೇಡಂ?" ಇನ್ಸ್‌ಪೆಕ್ಟರ್ ಬಸಪ್ಪ ನನ್ನ ಹೆಗಲ ಮೇಲಿಂದ ಇಣುಕಿದರು. "ಕೋರ್ಟ್ ಆರ್ಡರ್ ಪ್ರಕಾರ ನಿಮ್ಮ ಕಣ್ಣೆದುರೇ ಬಿಚ್ಚಿಸಿದೀನಿ. ಇನ್ನೇನಾದ್ರೂ ಡೌಟಿದ್ಯಾ?"

ಇಪ್ಪತ್ತಾರು ವರ್ಷ ಇನ್ಶೂರೆನ್ಸ್ ಸರ್ವೇಯರ್ ಆಗಿ ನುಜ್ಜುಗುಜ್ಜಾದ ಗಾಡಿಗಳ ನಡುವೆ ಬದುಕಿದವಳು ಈ ಚೂಡಾಮಣಿ. ನನ್ನೆದುರು ಸುಳ್ಳು ಹೇಳದ ಗಾಡಿ ಮಾಲೀಕ ಬೆಂಗಳೂರಿನಲ್ಲಿ ಇನ್ನೂ ಹುಟ್ಟಬೇಕು. ಅಂಥ ನಾನು ಒಬ್ಬ ಮೆಕ್ಯಾನಿಕ್ಕನ ಮಾತನ್ನು ಕಣ್ಣು ಮುಚ್ಚಿ ನಂಬಿದ್ದೆ. ಮುಖಕ್ಕೆ ಹೊಡೆದ ಹಾಗಾಯಿತು.

ನವೆಂಬರ್ ಹನ್ನೊಂದರ ಬೆಳಿಗ್ಗೆ, ಪೊಲೀಸರ ಮೇಲೆ ಲಾಕಪ್ ಸಾವಿನ ಕೇಸು ನಡೆಸುತ್ತಿದ್ದ ಜಯನಗರದ ವಕೀಲ ಅನಂತಪದ್ಮನಾಭ ತಮ್ಮ ಅರವತ್ತೇಳನೇ ಇಸವಿಯ ಜರ್ಮನ್ ಸ್ಪೋರ್ಟ್ಸ್ ಕಾರಿನ ಸಮೇತ ತಲಘಟ್ಟಪುರದ ಬಳಿ ಆಲದ ಮರಕ್ಕೆ ಗುದ್ದಿ ಸತ್ತಿದ್ದರು. ಆ ಕಾರಿನ ಎಂಜಿನ್ ಕಟ್ಟಿದ್ದ ಬಿ.ಟಿ.ಎಂ. ಲೇಔಟಿನ ಸಂಗಮೇಶ, ಐದು ದಿನದಿಂದ ಈ ಶೆಡ್ಡಿನ ಮುಂದುಗಡೆಯ ಸ್ಟೇಷನ್ನಿನ ಲಾಕಪ್ಪಿನಲ್ಲಿದ್ದ.

ಪೊಲೀಸರ ವಾದ ಸರಳವಾಗಿತ್ತು. ಸೀಲ್ ಮಾಡುವ ಅಂಟನ್ನು ಬೇಕಾಬಿಟ್ಟಿ ಬಳಿದು ಎಣ್ಣೆಯ ದಾರಿ ಕಟ್ಟಿದೆ, ಎಣ್ಣೆ ಸಿಗದೆ ಎಂಜಿನ್ ಹಿಡಿದುಕೊಂಡಿದೆ, ಹಿಂದಿನ ಚಕ್ರ ಲಾಕ್ ಆಗಿ ಕಾರು ಮರಕ್ಕೆ ಹೋಗಿದೆ. ಅದೂ ಬೇಕೆಂದೇ ಮಾಡಿದ್ದು, ಏಕೆಂದರೆ ವಕೀಲರಿಗೂ ಅವನಿಗೂ ಜೋರು ಜಗಳವಾಗಿತ್ತು. ಇವತ್ತು ಎಂಜಿನ್ ಒಳಗೆ ಏನು ಸಿಗುತ್ತದೋ ಅದು ಸಂಜೆ ನಾಲ್ಕಕ್ಕೆ ಜಡ್ಜ್ ಮುಂದೆ ಹೋಗುತ್ತದೆ. ಸಿಲಿಕೋನ್ ಸಿಕ್ಕರೆ ಕೊಲೆ ಕೇಸು, ಸಿಗದಿದ್ದರೆ ಸಂಗಮೇಶ ಮನೆಗೆ.

ಸಿಲಿಕೋನ್ ಸಿಕ್ಕಿತ್ತು.

ಬಾಗಿಲ ಪಕ್ಕದಲ್ಲಿ ಸಂಗಮೇಶನ ಹೆಂಡತಿ ಮಧುಮತಿ ನಿಂತಿದ್ದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದಳು. ಯಾರೂ ಅವಳಿಗೆ ಬಿಡಿಸಿ ಹೇಳಲಿಲ್ಲ. ನಮ್ಮ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಅದು ಅವ್ರು ಹಚ್ಚಿದ್ದಲ್ಲರೀ," ಎಂದಳು. "ಅವ್ರು ಕೆಂಪಂದು ಹಚ್ಚತಾರ. ನಮ್ಮ ಮನಿ ಟ್ರಂಕಿನ್ಯಾಗ ಇನ್ನೂ ಅರ್ಧ ಟ್ಯೂಬ್ ಐತ್ರಿ."

"ಮನೇಲಿ ಕೆಂಪಿದ್ರೆ ಇಂಜಿನ್ ಒಳಗೆ ನೀಲಿ ಇರಬಾರದು ಅಂತ ಕಾನೂನಿದ್ಯೇನಮ್ಮ?" ಎಂದರು ಬಸಪ್ಪ. ಹೇಳಿದ್ದು ಮೆತ್ತಗೆ, ಆದರೆ ನನಗೆ ಮೈ ಉರಿಯಿತು.

ಲಾಕಪ್ಪಿನ ಸರಳಿನ ಹಿಂದೆ ಕೂತು ಸಂಗಮೇಶ ನನಗೆ ಎರಡು ಗಂಟೆ ಪಾಠ ಮಾಡಿದ್ದ. "ಮೇಡಂ, ಈ ಎಂಜಿನ್‌ಗೆ ನಡುವ ಗ್ಯಾಸ್ಕೆಟ್ ಅನ್ನೂದ ಇಲ್ರೀ. ಎರಡು ಹೋಳು ನೇರ ಒಂದಕ್ಕೊಂದು ಕೂಡತಾವು. ನಡುವ ಏನ ಹಚ್ಚತೀರಿ ಅನ್ನೂದರ ಮ್ಯಾಲ ಅದರ ಆಯುಷ್ಯ ಐತಿ. ಸಿಲಿಕೋನ್ ಹಚ್ಚಿದ್ರ ಹೆಚ್ಚಾದದ್ದು ಒಳಗ ಹುಳದಂಗ ಇಳದು ರಬ್ಬರ್ ಆಗ್ತದ. ಒಂದಿನ ಹರಕೊಂಡು ಎಣ್ಣಿ ದಾರಿಗೆ ಸಿಕ್ಕೊಂತದ. ಕೆಂಪಂದು ಹಂಗಲ್ಲ. ಗಾಳಿ ಆಡದ ಕಡೆ, ಎರಡು ಲೋಹದ ನಡುವ ಅಷ್ಟ ಗಟ್ಟಿ ಆಗೂದು. ಒಳಗ ಇಳದದ್ದು ಹಸೀನ ಉಳದು ಎಣ್ಣಿ ಕೂಡ ತೊಳಕೊಂಡು ಹೋಗ್ತದ."

ಯಾವ ಅಂಟು ಎಲ್ಲಿ ಎಂಬುದನ್ನು ಇಷ್ಟು ಪ್ರೀತಿಯಿಂದ ಹೇಳಿದವನು ಸುಳ್ಳುಗಾರನೇ? ನನಗೆ ನಂಬಲಾಗಲಿಲ್ಲ. ಎದುರಿಗೆ ನೀಲಿ ಉಂಡೆ ಕೂತಿತ್ತು, ಅದನ್ನೂ ನಂಬದಿರಲು ಆಗಲಿಲ್ಲ.

"ಫೋಟೋ ತೆಗೀರಿ ಕರೆಪ್ಪ," ಎಂದರು ಬಸಪ್ಪ. ಕಾನ್‌ಸ್ಟೇಬಲ್ ಕರೆಪ್ಪ ಕ್ಯಾಮೆರಾದ ರೀಲು ತಿರುಗಿಸತೊಡಗಿದ.

"ಒಂದ್ನಿಮಿಷ," ಎಂದರು ವೆಂಕಟಾಚಲ. "ಅಂಚು ಒರೆಸಿಬಿಡ್ತೀನಿ, ಫೋಟೋ ನೀಟಾಗಿ ಬರುತ್ತೆ."

ಅವರು ಹಳದಿ ಬಟ್ಟೆಯೊಂದನ್ನು ಹಿಡಿದು ಅಂಚಿನುದ್ದಕ್ಕೂ ಒಂದೇ ಉಸಿರಿಗೆ ಎಳೆದರು. ಬಟ್ಟೆಯನ್ನು ಮುದುರಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ನಾನು ಅವರ ಪ್ಯಾಂಟನ್ನೇ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ವೆಂಕಟಾಚಲ ಬನಶಂಕರಿ ಎರಡನೇ ಹಂತದವರು, ವಿಮಾನದ ಎಂಜಿನ್ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಬೆಳಿಗ್ಗೆಯಿಂದ ಒಂದು ತೊಟ್ಟು ಎಣ್ಣೆ ಬಟ್ಟೆಗೆ ತಾಗಿಸಿಕೊಳ್ಳದೆ ಕೆಲಸ ಮಾಡಿದ್ದರು. ಒರೆಸಿದ ಪ್ರತಿ ಬಟ್ಟೆಯನ್ನೂ ಡಬ್ಬಕ್ಕೇ ಹಾಕಿದ್ದರು. ಇದೊಂದು ಬಟ್ಟೆ ಮಾತ್ರ ಜೇಬಿಗೆ ಹೋಗಿತ್ತು.

ಪಂಚನಾಮೆಗೆ ಮೊದಲು ಒರೆಸುವುದು ತಪ್ಪು ಎಂದು ಹೊಸದಾಗಿ ಸೇರಿದ ಸರ್ವೇಯರಿಗೂ ಗೊತ್ತು. ಮೂವತ್ತೆಂಟು ವರ್ಷದ ಫೋರ್‌ಮನ್ನಿಗೆ ಗೊತ್ತಿರಲಿಲ್ಲವೇ?

"ವೆಂಕಟಾಚಲ ಅವರೇ, ಆ ಬಟ್ಟೆ ಕೊಡಿ."

"ಎಣ್ಣೆ ಬಟ್ಟೆ ಮೇಡಂ. ಗಲೀಜು."

"ಗಲೀಜಾದ್ರೆ ನಿಮ್ಮ ಬಿಳಿ ಪ್ಯಾಂಟಲ್ಲಿ ಯಾಕಿದೆ?"

ಅವರು ಬಸಪ್ಪನವರ ಕಡೆ ನೋಡಿದರು. ಆ ನೋಟಕ್ಕೆ ಆಗ ನಾನು ಅರ್ಥ ಹಚ್ಚಲಿಲ್ಲ. ಅನುಮತಿ ಕೇಳುತ್ತಿದ್ದಾರೆ ಅಂದುಕೊಂಡೆ. ದಡ್ಡಿ ನಾನು.

ಬಟ್ಟೆ ಕೈಗೆ ಬಂತು. ಬಿಡಿಸಿದೆ. ನೀಲಿ ಸಿಲಿಕೋನ್ ಚೂರುಗಳ ನಡುವೆ ಕೂದಲಿಗಿಂತ ಸ್ವಲ್ಪ ದಪ್ಪದ ಒಂದು ಎಳೆ ಸುರುಳಿ ಸುತ್ತಿಕೊಂಡಿತ್ತು. ಎಳೆದರೆ ಬಂದೇ ಬಂತು, ಒಂದು ಮೊಳ, ಎರಡು ಮೊಳ. ಎಂಜಿನ್ನಿನ ಒಂದು ಬದಿಯ ಉದ್ದಕ್ಕೆ ಸರಿಯಾಗಿ.

"ದಾರ," ಎಂದ ಕರೆಪ್ಪ. "ಒರೆಸೋ ಬಟ್ಟೆದೇ ಎದ್ದಿರಬೇಕು ಮೇಡಂ."

"ತೋರಸ್ರಿಲ್ಲೆ," ಮಧುಮತಿ ಮುಂದೆ ಬಂದಳು.

ಹಗಲೆಲ್ಲ ಶರ್ಟಿನ ಕಾಲರು ಹೊಲಿಯುವ ಕೈ ಅದು. ಎಳೆಯನ್ನು ಬೆರಳುಗಳ ನಡುವೆ ಒಮ್ಮೆ ಹೊಸೆದಳು. ಕರೆಪ್ಪನ ಹತ್ತಿರ ಬೆಂಕಿಪೆಟ್ಟಿಗೆ ಇಸಿದುಕೊಂಡು, ಸಿಲಿಕೋನ್ ತಾಗದ ಒಂದು ತುದಿಯನ್ನು ಚೂರೇ ಚೂರು ಸುಟ್ಟಳು. ಕೂದಲು ಸುಟ್ಟ ವಾಸನೆ ನಮ್ಮೆಲ್ಲರ ಮೂಗಿಗೂ ಬಡಿಯಿತು. ಸುಟ್ಟ ತುದಿ ಅವಳ ಉಗುರಿನಡಿ ಬೂದಿಯಾಗಿ ಉದುರಿತು.

"ಪಾಲಿಯೆಸ್ಟರ್ ಆಗಿದ್ರ ಗಂಟ ಆಗತಿತ್ತು. ಹತ್ತಿ ಆಗಿದ್ರ ಕಾಗದ ಸುಟ್ಟಂಗ ವಾಸನಿ. ಇದು ರೇಶ್ಮಿ ಐತ್ರಿ ಮೇಡಂ."

ಹೇಳಿದವಳು ಹಾಗೇ ನಿಂತುಬಿಟ್ಟಳು. ನಿಧಾನವಾಗಿ ವೆಂಕಟಾಚಲ ಅವರ ಕಡೆ ತಿರುಗಿದಳು.

"ಸರ್... ವಿಮಾನದ ಎಂಜಿನ್‌ಗೆ ರೇಶ್ಮಿ ಎಳಿ ಇಟ್ಟ ಮುಚ್ಚೂದು ನೀವಲ್ಲೇನ್ರೀ?"

ವೆಂಕಟಾಚಲ ಮುಖ ತಿರುಗಿಸಿ ಬೆಂಚಿನ ಮೇಲಿನ ಸ್ಪ್ಯಾನರುಗಳನ್ನು ಜೋಡಿಸತೊಡಗಿದರು.

ನನಗೆ ಗೊತ್ತಿದ್ದ ಸಂಗತಿಯೇ ಅದು. ಸಂಗಮೇಶ ಕೆಲಸ ಕಲಿತದ್ದು ಇದೇ ವೆಂಕಟಾಚಲ ಅವರ ಕೈಕೆಳಗೆ. ಅವರದು ಕಾರ್ಖಾನೆಯ ಹಳೆಯ ಕ್ರಮ. ಅಂಚಿಗೆ ಪೇಸ್ಟು ಸವರಿ, ಬೋಲ್ಟಿನ ತೂತುಗಳ ಒಳಬದಿಯಲ್ಲಿ ರೇಷ್ಮೆ ಎಳೆ ಮಲಗಿಸಿ, ಆಮೇಲೆ ಮುಚ್ಚುವುದು. ಎಳೆ ಇದ್ದರೆ ಎಣ್ಣೆ ಒಂದು ಹನಿ ಆಚೆ ಬರುವುದಿಲ್ಲ. ಸಂಗಮೇಶ ಆ ದಾರ ಬಿಟ್ಟು ಕೆಂಪು ಟ್ಯೂಬು ಹಿಡಿದ. ಅದಕ್ಕೇ ಗುರು ಎರಡು ವರ್ಷದಿಂದ ಶಿಷ್ಯನ ಜೊತೆ ಮಾತು ಬಿಟ್ಟಿದ್ದರು. ಇಷ್ಟೆಲ್ಲ ಗೊತ್ತಿದ್ದೂ, ಪೊಲೀಸರು ಅವರನ್ನೇ ಪರಿಣತರೆಂದು ಕರೆಸಿದಾಗ ನಾನು ಒಪ್ಪಿಕೊಂಡಿದ್ದೆ. ಬೆಂಗಳೂರಿನಲ್ಲಿ ಈ ಎಂಜಿನ್ ಬಿಚ್ಚಬಲ್ಲ ಇನ್ನೊಬ್ಬರು ಯಾರಿದ್ದರು?

ನನ್ನ ಹಳೆಯ ಶಿಸ್ತು ನನ್ನನ್ನು ಬಿಡಲಿಲ್ಲ. ಎಳೆಯನ್ನೂ ಬಟ್ಟೆಯನ್ನೂ ಲಕೋಟೆಗೆ ಹಾಕಿ ಅಂಟಿಸಿದೆ. ಮೇಲೆ ನನ್ನ ಸಹಿ ಮಾಡಿ ಬಸಪ್ಪನವರಿಂದಲೂ ಸಹಿ ಹಾಕಿಸಿದೆ. ಅವರು ಲಕೋಟೆಯನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಸೇರಿಸಿದರು.

"ಕೇಳಿ ಇವರನ್ನ," ಎಂದೆ.

"ನೀವೇ ಕೇಳಿ ಮೇಡಂ," ಎಂದರು ಬಸಪ್ಪ. "ನಾನೊಂದು ಫೋನ್ ಮಾಡ್ಕೊಂಡು ಬರ್ತೀನಿ." ಕರೆಪ್ಪನನ್ನೂ ಕರೆದುಕೊಂಡು ಹೊರಗೆ ಹೋದರು.

ನಾನು ವೆಂಕಟಾಚಲ ಅವರ ಎದುರಿಗೆ ಹೋಗಿ ನಿಂತೆ.

"ಸಂಗಮೇಶ ಮುಚ್ಚಿದ ಎಂಜಿನ್ ನೀವು ಬಿಚ್ಚಿದ್ರಿ. ಅವನ ಕೆಂಪು ಅಂಟು ತೆಗೆದು ನೀಲಿ ಹಾಕಿದ್ರಿ. ಹೌದೋ ಅಲ್ವೋ?"

"ನೀವು ಇನ್ಶೂರೆನ್ಸ್‌ನೋರು. ನಿಮಗೆ ಇದೆಲ್ಲ..."

"ನನಗೇನು ಗೊತ್ತು ಅನ್ನೋದು ಬಿಡಿ. ಅವನನ್ನ ಸಿಕ್ಕಿಸೋಕೆ ಸಿಲಿಕೋನ್ ಸಾಕಾಗಿತ್ತು. ದಾರ ಯಾಕೆ ಇಟ್ರಿ?"

ಏನೇನೋ ಸಬೂಬು ಹೇಳುತ್ತಾರೆಂದು ಕಾದಿದ್ದೆ. ಅವರು ಹೇಳಿದ್ದು ಬೇರೆಯೇ.

"ದಾರ ಇಲ್ದೆ ಮುಚ್ಚೋಕೆ ಕೈ ಬರ್ಲಿಲ್ಲಮ್ಮ. ಬರೀ ಸಿಲಿಕೋನ್ ಹಾಕ್ಬಿಟ್ಟು ಇಡೀ ಕ್ರ್ಯಾಂಕ್‌ಕೇಸ್ ಮುಚ್ಚೋದಾ? ಆಗ್ಲಿಲ್ಲ. ಮುಚ್ಚಿದೆ, ಬಿಚ್ಚಿದೆ, ದಾರ ಇಟ್ಟು ಮತ್ತೆ ಮುಚ್ಚಿದೆ. ಮೂವತ್ತೆಂಟು ವರ್ಷ ಸೋರದೇ ಇರೋ ಎಂಜಿನ್ ಕಟ್ಟಿದೋನು ನಾನು."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ದಿಗ್ಭ್ರಮೆ. ಒಬ್ಬ ಮನುಷ್ಯನ ಕುತ್ತಿಗೆಗೆ ಹಗ್ಗ ಬಿಗಿಯುವ ಕೆಲಸವನ್ನೂ ಇವರು ಸೋರದ ಹಾಗೆ ಮಾಡಿದ್ದರು.

"ನಮ್ಮ ಲಗ್ನದಾಗ ಅಕ್ಕಿಕಾಳು ಹಾಕಿದವ್ರು ನೀವ," ಮಧುಮತಿ ಅವರ ಎದುರಿಗೆ ಬಂದು ನಿಂತಳು. "ಅವ್ರ ಅಪ್ಪನ ಜಾಗಾದಾಗ ನಿಂತಿದ್ರಿ. ಮಾತ ಬಿಟ್ಟಿದ್ರೂ ದೀಪಾವಳಿಗೆ ನಿಮ್ಮ ಮನಿ ಬಾಗಲದಾಗ ಸಿಹಿ ಇಟ್ಟ ಬರತಿದ್ರು, ಗೊತ್ತೇನ್ರೀ?"

ವೆಂಕಟಾಚಲ ಸ್ಟೂಲಿನ ಮೇಲೆ ಕುಸಿದರು. "ಗೊತ್ತು. ತಿಂತಿದ್ದೆ." ಎಣ್ಣೆಯ ಅಂಗೈಗಳನ್ನು ಬಿಳಿ ಪ್ಯಾಂಟಿಗೇ ಒರೆಸಿಕೊಂಡರು. "ಎರಡು ತಿಂಗಳು ಒಳಗಿದ್ದು ಬರ್ತಾನೆ, ಕೊಬ್ಬು ಇಳಿಯುತ್ತೆ ಅಂದ್ರು. ಬೇಜವಾಬ್ದಾರಿ ಕೇಸು ಅಷ್ಟೇ ಅಂದ್ರು. ನನಗೂ ಅವನ ಮೇಲೆ ಹೊಟ್ಟೇಲಿ ಕಿಚ್ಚಿತ್ತು ತಾಯಿ. ಕೊಲೆ ಅಂತ ಹಾಕ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ."

"ಹಾಗಾದ್ರೆ ಅನಂತಪದ್ಮನಾಭ ಅವರನ್ನ ಕೊಂದಿದ್ದು ನೀವೇ," ಎಂದೆ. "ನೀವು ಹಾಕಿದ ಸಿಲಿಕೋನ್‌ನಿಂದ ಎಂಜಿನ್ ಹಿಡೀತು, ಅವರು ಸತ್ರು."

"ಇಲ್ಲ!" ಅವರು ದಿಗ್ಗನೆದ್ದರು. "ಎಂಜಿನ್ ಹಿಡಿದೇ ಇಲ್ಲ. ನೋಡಿ ಬನ್ನಿ. ನೋಡಿ!"

ನನ್ನ ಕೈ ಹಿಡಿದೆಳೆದು ಬೆಂಚಿನ ಬಳಿ ನಿಲ್ಲಿಸಿದರು. ಎಂಜಿನ್ನಿನ ನಡುದಂಡ, ಅಂದರೆ ಕ್ರ್ಯಾಂಕ್, ತಿರುಗುವ ಜಾಗದ ಬೇರಿಂಗ್ ಪಟ್ಟಿಯೊಂದನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಎಣ್ಣೆ ಸಿಗದೆ ಸುಟ್ಟ ಬೇರಿಂಗುಗಳನ್ನು ನಾನು ನೂರಾರು ನೋಡಿದ್ದೇನೆ. ಕಪ್ಪಿಟ್ಟು, ಹರಿದು, ನೀಲಿಗಟ್ಟಿರುತ್ತವೆ. ಇದರ ಮೇಲೆ ಒಂದು ಗೀರಿರಲಿಲ್ಲ. ಹೊಸ ಪಾತ್ರೆಯ ಹಾಗೆ ನುಣ್ಣಗಿತ್ತು.

ಸ್ಟ್ಯಾಂಡಿನ ಮೇಲಿದ್ದ ಕ್ರ್ಯಾಂಕನ್ನು ನಾನೇ ಕೈಯಲ್ಲಿ ತಿರುಗಿಸಿದೆ. ಸದ್ದಿಲ್ಲದೆ ತಿರುಗಿತು.

ಎಣ್ಣೆಯ ತೂತಿನಿಂದ ಆ ನೀಲಿ ಉಂಡೆಯನ್ನು ಉಗುರಿನಲ್ಲಿ ಕಿತ್ತೆ. ಅದರ ಕೆಳಗೆ ತೂತು ತೊಳೆದು ಒರೆಸಿಟ್ಟ ಹಾಗೆ ಒಣಗಿತ್ತು. ಓಡಿದ ಎಂಜಿನ್ನಿನಲ್ಲಿ ಎಣ್ಣೆಯ ದಾರಿ ಒಣಗಿರುವುದಿಲ್ಲ. ಮತ್ತೆ ಆ ರೇಷ್ಮೆ ಎಳೆ? ಅದು ಬೆಳ್ಳಗಿತ್ತು. ನಲವತ್ತು ಮೈಲಿ ಓಡಿದ್ದರೂ ಕಪ್ಪಾಗಬೇಕಿತ್ತು. ಬೆಳಿಗ್ಗೆಯಿಂದ ಇದೆಲ್ಲ ನನ್ನ ಕಣ್ಣ ಮುಂದೆಯೇ ಇದ್ದರೂ ನೀಲಿ ಬಣ್ಣವೊಂದನ್ನು ಕಂಡು ಕುರುಡಾಗಿದ್ದೆ.

ಈ ಎಂಜಿನ್, ವೆಂಕಟಾಚಲ ಮುಚ್ಚಿದ ಮೇಲೆ, ಒಂದು ಸಲವೂ ಓಡಿಲ್ಲ.

"ಯಾವತ್ತು ಮುಚ್ಚಿದ್ರಿ?" ಎಂದೆ.

"ಹದಿನೆಂಟನೇ ತಾರೀಖು. ಗುರುವಾರ."

ಅನಂತಪದ್ಮನಾಭ ಸತ್ತು ಆಗ ಒಂದು ವಾರವಾಗಿತ್ತು.

"ಎಲ್ಲಿ?"

"ಇಲ್ಲೇ ಮೇಡಂ. ಇದೇ ಶೆಡ್ಡಲ್ಲಿ, ಇದೇ ಸ್ಟ್ಯಾಂಡ್ ಮೇಲೆ."

ಅಪಘಾತವಾದ ದಿನದಿಂದ ಈ ಶೆಡ್ಡಿಗೆ ಬೀಗ. ಬೀಗದ ಕೈ ಇರುವುದು ಒಬ್ಬರ ಬಳಿ ಮಾತ್ರ. ನನ್ನ ಕೈಯಾರೆ ಸಾಕ್ಷಿಯ ಲಕೋಟೆಯನ್ನು ಯಾರಿಗೆ ಕೊಟ್ಟಿದ್ದೆನೋ, ಅವರ ಬಳಿ.

"ಬಸಪ್ಪ ಮಾಡಿಸಿದ್ರು," ವೆಂಕಟಾಚಲ ಪಿಸುಗುಟ್ಟಿದರು. "ಒಳಗೆ ನೋಡಿದ ಕೂಡ್ಲೇ ಹೇಳ್ದೆ, ಸಾರ್, ಎಂಜಿನ್ ಸರಿಯಾಗೇ ಇದೆ, ಹುಡುಗ ಅಚ್ಚುಕಟ್ಟಾಗಿ ಕಟ್ಟಿದಾನೆ ಅಂತ. ಬಾಯಿ ಬಿಟ್ರೆ ಇಬ್ರನ್ನೂ ಒಳಗೆ ಹಾಕ್ತೀನಿ ಅಂದ್ರು. ಕ್ರ್ಯಾಂಕ್‌ಗೆ ಗೀರು ಹಾಕು ಅಂದಿದ್ರು. ಅದೊಂದು ನಾನು ಮಾಡ್ಲಿಲ್ಲ."

"ಎಂಜಿನ್ ಸರಿ ಇದ್ರೆ ಕಾರು ಮರಕ್ಕೆ ಹೋಗಿದ್ದು ಹೇಗೆ?"

"ಈ ಕಾರಿಗೆ ಎಂಜಿನ್ ಇರೋದು ಹಿಂದಗಡೆ. ಅದರ ಹಿಂದಿನ ತಗಡು ಒಳಕ್ಕೆ ನುಗ್ಗಿತ್ತು. ಮರ ಗುದ್ದಿದ್ದು ಮುಂದೆ ಅಲ್ವಾ ಮೇಡಂ? ಹಿಂದಗಡೆ ಯಾರು ಗುದ್ದಿದ್ರು? ತಗಡಿನ ಮೇಲೆ ಹಳದಿ ಪೇಂಟ್ ಹತ್ಕೊಂಡಿತ್ತು. ತಗಡು ತಟ್ಟಿ ನೇರ ಮಾಡು, ಪೇಂಟ್ ಉಜ್ಜಿ ತೆಗಿ ಅಂತ ನನ್ನ ಕೈಲೇ..."

ಬಾಗಿಲಲ್ಲಿ ನೆರಳಾಡಿತು. ಮೂವರೂ ಬೆಚ್ಚಿ ತಿರುಗಿದೆವು. ಕರೆಪ್ಪ. ಒಬ್ಬನೇ.

"ಮೇಡಂ, ನೀವು ಕಾಯೋದು ಬೇಡ ಅಂದ್ರು ಸಾಹೇಬ್ರು. ಸಂಗಮೇಶನ್ನ ಕರ್ಕೊಂಡು ತಲಘಟ್ಟಪುರಕ್ಕೆ ಹೊರಟಿದಾರೆ. ಸ್ಥಳ ಮಹಜರಂತೆ."

"ಮಹಜರು ಹದಿನೈದು ದಿನದ ಹಿಂದೆನೇ ಆಗಿದೆಯಲ್ಲಯ್ಯಾ! ಅದರ ನಕಲು ನನ್ನ ಬ್ಯಾಗಲ್ಲೇ ಇದೆ. ಜೊತೆಗೆ ಯಾರು ಹೋಗ್ತಿದಾರೆ?"

"ಯಾರೂ ಇಲ್ಲ ಮೇಡಂ. ಜೀಪು ನಾನೇ ಓಡಿಸ್ತೀನಿ ಅಂದ್ರು. ನಾನೂ ಬರೋದು ಬೇಡವಂತೆ."

ವೆಂಕಟಾಚಲ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ನೋವಿಗೆ ನಾನು ಚೀರಿದೆ. "ಬಿಡ್ಬೇಡಿ ಮೇಡಂ, ಹೋಗಕ್ಕೆ ಬಿಡ್ಬೇಡಿ! ಆ ಜೀಪಿನ ಬಂಪರ್ ನೋಡಿದೀರಾ? ಹಳದಿ ಪಟ್ಟಿ. ಅದೇ ಹಳದಿ!"

ಮಧುಮತಿ ಆಗಲೇ ಓಡಿದ್ದಳು. ನಾನೂ ಅವಳ ಹಿಂದೆ ಓಡಿದೆ. ನನ್ನ ವಯಸ್ಸು, ಮಂಡಿ ನೋವು ಯಾವುದೂ ನೆನಪಾಗಲಿಲ್ಲ. ಸ್ಟೇಷನ್ನಿನ ಮುಂದಿನ ಅಂಗಳ ದಾಟುವಷ್ಟರಲ್ಲಿ ಜೀಪು ಗೇಟು ದಾಟಿ ರಸ್ತೆಗಿಳಿದಿತ್ತು. ಹಿಂದಿನ ಸೀಟಿನಲ್ಲಿ ಸಂಗಮೇಶ ಒಬ್ಬನೇ ಕೂತಿದ್ದ. ಕೈಗೆ ಬೇಡಿ ಇರಲಿಲ್ಲ. ಓಡಿಹೋಗಲು ನೋಡಿದ, ಗುಂಡು ಹಾರಿಸಬೇಕಾಯಿತು ಎಂದು ಬರೆದುಕೊಳ್ಳಲು ಅಷ್ಟು ಸಾಕು.

"ನಿಲ್ಲಸ್ರೀ!" ಮಧುಮತಿ ಕಿರುಚಿದಳು. "ಇಳೀರಿ! ಇಳದ ಬಿಡ್ರಿ!"

ಟ್ರಾಫಿಕ್ಕಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಹೆಂಡತಿ ಓಡಿ ಬರುತ್ತಿರುವುದನ್ನು ಕಂಡ. ಐದು ದಿನದ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗು ಅರಳಿತು. ಎಂಜಿನ್ನಿನಲ್ಲಿ ಏನೂ ಸಿಗಲಿಲ್ಲ, ತನ್ನನ್ನು ಬಿಟ್ಟುಬಿಟ್ಟರು ಎಂದುಕೊಂಡು ಅವನು ಅವಳಿಗೆ ಕೈ ಬೀಸಿದ.